ಎರೆ ನಿಂತಲ್ಲೇ ಕುಣಿಯಬೇಕು

ಗಾಳ ಹಾಕೋದು ಸೋಮಾರಿಗಳ ಕೆಲಸ ಅಂತ ದಂಡೆ ಮೇಲೆ ನಿಂತವರು ಹೇಳುತ್ತಾರೆ. ನಾವು ಒಪ್ಪುವುದಿಲ್ಲ. ಕೊರವ ಅಂತಲೂ ಕುಚ್ಚು ಅಂತಲೂ ಕರೆಯುವ ಮೀನು ಜೊಂಡಿನ ನಡುವೆ ಅಡಗಿ ಕೂತು, ಅಲುಗಿದ್ದರ ಮೇಲೆ ಎಗರುವಂಥದ್ದು. ಅದಕ್ಕೇ ಸಣ್ಣ ಕಪ್ಪೆಯನ್ನೋ ಮರಿಮೀನನ್ನೋ ಬೆನ್ನಿನ ತೊಗಲಿಗೆ ಮಾತ್ರ ಗಾಳ ತಾಗುವಂತೆ ಚುಚ್ಚಿ, ಜೀವಂತ ನೀರಿಗೆ ಬಿಡಬೇಕು. ಎಲುಬಿಗೆ ತಾಗಿದರೆ ಎರೆ ಸತ್ತಿತು, ಕೆಲಸ ಕೆಟ್ಟಿತು. ಮೇಲೆ ಜೋಳದ ದಂಟಿನ ಬೆಂಡು. ಬೆಂಡು ಅದನ್ನು ತಳಕ್ಕೆ ಇಳಿಯಗೊಡದು, ದಾರ ದೂರ ಹೋಗಗೊಡದು. ಎರೆ ಇದ್ದಲ್ಲೇ ಒದ್ದಾಡುತ್ತದೆ. ಆ ಒದ್ದಾಟವೇ ಮೀನನ್ನು ಕರೆಯುತ್ತದೆ.

ಇದರ ದಾಯಾದಿಯನ್ನು ಇವತ್ತು ‘ಡ್ರಾಪ್ ಶಾಟ್’ ಅಂತ ಹೆಸರಿಟ್ಟು ಪೇಟೆಯಲ್ಲಿ ಮಾರುತ್ತಾರೆ. ತಳದಲ್ಲಿ ಸೀಸದ ಗುಂಡು, ಅದರ ಮೇಲೆ ಒಂದಿಷ್ಟು ದಾರ ಬಿಟ್ಟು ಗಾಳ, ಗಾಳಕ್ಕೆ ರಬ್ಬರ್ ಹುಳ. ಕೋಲಿನ ತುದಿ ನಡುಗಿಸಿದರೆ ಹುಳ ನಿಂತಲ್ಲೇ ಕುಣಿಯುತ್ತದೆ.

ಈ ವಿದ್ಯೆಗೂ ಇತಿಹಾಸ ಐತಿ. ಬರೆದವರು ಯಾರು ಅನ್ನೋದೇ ಪ್ರಶ್ನೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 1129ರ ಸುಮಾರಿಗೆ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ ರಚಿಸಿದ. ಅದರಲ್ಲಿ ಮತ್ಸ್ಯವಿನೋದ ಅಂತಲೇ ಒಂದು ಭಾಗ. ಮೀನುಗಳ ಜಾತಿ, ಅವುಗಳಿಗೆ ಹಾಕುವ ಮೇವು, ದಾರ, ಕೋಲು, ಗಾಳ ಎಲ್ಲದರ ವಿವರ ಅಲ್ಲುಂಟು. ಅದು ದೊಡ್ಡ ಗ್ರಂಥ, ತೆಗಳುವುದಿಲ್ಲ. ಆದರೆ ಸಿಂಹಾಸನದ ಮೇಲೆ ಕೂತವನಿಗೆ ಮೀನಿನ ಹಸಿವು ಹೆಂಗ ತಿಳೀತು? ನೀರಲ್ಲಿ ನಿಂತು ಕಾಲು ಕೊಳೆಸಿಕೊಂಡವರು ಹೇಳಿರಲೇಬೇಕು. ಅವರ ಹೊಟ್ಟೆಪಾಡು ದೊರೆಯ ಹೊತ್ತಿಗೆಯಲ್ಲಿ ವಿನೋದವಾಯಿತು. ಹೇಳಿದವರ ಹೆಸರು ನಮಗೆ ಉಳಿಯಲಿಲ್ಲ.

1520ರ ಹೊತ್ತಿಗೆ ವಿಜಯನಗರಕ್ಕೆ ಬಂದ ಪೋರ್ತುಗೀಸ್ ಪ್ರವಾಸಿ ಪೇಸ್, ಆನೆಗೊಂದಿಯ ಹೊಳೆಯಲ್ಲಿ ಬುಟ್ಟಿಯಂಥ ಹರಿಗೋಲು ಕಂಡ. ಅವು ನೆಟ್ಟಗೆ ಸಾಗದೆ ಸುತ್ತುತ್ತ ಹೋಗುತ್ತವೆ ಅಂತ ಬರೆದಿಟ್ಟ. ಹುಟ್ಟು ಹಾಕಿದವನ ಹೆಸರು ಅವನಿಗೂ ಬೇಕಾಗಲಿಲ್ಲ.

ಒಬ್ಬ ಮಾತ್ರ ಹಂಗೆ ಬಿಡಲಿಲ್ಲ. ಸೋಮೇಶ್ವರನ ಶತಮಾನದಲ್ಲೇ ಇದ್ದ ಅಂಬಿಗರ ಚೌಡಯ್ಯ, ದೇವರ ಹೆಸರನ್ನು ಅಂಕಿತ ಮಾಡಿಕೊಳ್ಳದೆ ಕಸುಬಿನ ಸಮೇತ ತನ್ನ ಹೆಸರನ್ನೇ ವಚನಕ್ಕೆ ಅಂಕಿತವಾಗಿ ಇಟ್ಟ. ನೀರಿನ ದುಡಿಮೆ ತನ್ನ ರುಜು ತಾನೇ ಹಾಕಿದ್ದು ಅಲ್ಲಿ.

ಈಗ ನಮ್ಮ ಕೊಪ್ಪಳ ಜಿಲ್ಲೆಯ ನವಲಿಗೆ ಬರೋಣ. 1945ರಲ್ಲಿ ಶುರುವಾಗಿ 1953ರಲ್ಲಿ ನೀರು ನಿಲ್ಲಿಸಿದ ತುಂಗಭದ್ರಾ ಅಣೆಕಟ್ಟು ಮೊದಲು 133 ಟಿಎಂಸಿ ನೀರು ಹಿಡಿಯುತ್ತಿತ್ತು. ಹೂಳು ತುಂಬಿ ಈಗ ಸುಮಾರು 105ಕ್ಕೆ ಇಳಿದಿದೆ. ಕಳೆದ ನೀರನ್ನು ಹಿಡಿಯಲು ನವಲಿ ಹತ್ತಿರ ಸಮತೋಲನ ಜಲಾಶಯ ಕಟ್ಟುವ ಮಾತು ಎದ್ದಿತು. ಅದಕ್ಕೆ ಆಂಧ್ರ, ತೆಲಂಗಾಣಗಳ ಒಪ್ಪಿಗೆಯೂ ಬೇಕು. ಸರ್ಕಾರಗಳು ಬದಲಾದವು, ಮಾತು ಮಾತ್ರ ನಿಂತಲ್ಲೇ ಅಲುಗುತ್ತಾ ಬಂತು. ಗಾಳ ಕಟ್ಟುವ ಜನಕ್ಕೆ ಈ ಕುಣಿತ ಹೊಸದಲ್ಲ.

ನಮ್ಮ ಪ್ರಶ್ನೆ ಇಷ್ಟೇ: ನೀರು ಬಂದರೆ ಅದರೊಳಗಿನ ಮೀನು ಯಾರದು? ಕೆರೆ, ಜಲಾಶಯಗಳ ಮೀನಿನ ಹಕ್ಕು ಗುತ್ತಿಗೆಗೆ, ಹರಾಜಿಗೆ ಹೋಗುತ್ತದೆ. ರೊಕ್ಕ ಇದ್ದವನು ಕೂಗಿದರೆ, ಕೋಲು ಹಿಡಿದು ದಂಡೆಗೆ ಬಂದ ಕೇರಿಯ ಹುಡುಗ ಕಳ್ಳನಾಗುತ್ತಾನೆ. ಭೂಮಿ ಕಳಕೊಂಡವರ ಪಟ್ಟಿ ಬರೆಯುವಾಗ ಗಾಳ ಹಿಡಿದವನ ಹೆಸರೂ ಅದರಲ್ಲಿ ಇರಬೇಕು.

ಮಾಸ್ತರರೇ, ವಿದ್ಯಾರ್ಥಿ ಗೆಳೆಯರೇ, ನಿಮ್ಮೂರಲ್ಲಿ ಗಾಳ ಕಟ್ಟುವ ಮುದುಕರ ಹತ್ತಿರ ಹೋಗಿ ಕೂಡ್ರಿ. ಬೆಂಡು ಯಾವುದರದ್ದು, ಗಂಟು ಹೆಂಗ, ಯಾವ ಮೀನಿಗೆ ಯಾವ ಎರೆ, ಎಲ್ಲಾ ಬರಕೊಳ್ಳಿರಿ. ಹೇಳಿದವರ ಹೆಸರು ಮೊದಲು ಬರೀರಿ. ನಾಳೆ ಹಕ್ಕು ಕೇಳುವಾಗ ಆ ಕಾಗದವೇ ನಮ್ಮ ಸಾಕ್ಷಿ.