ಕಸಿಯ ಮುನಿಸು

ಕಸಿ ಎಂದರೆ ನಮಗೆ ಮೊದಲು ನೆನಪಾಗುವುದು ಮಾವಿನ ಗಿಡ. ನಾಟಿ ಮಾವಿನ ಸಸಿಗೆ ರಸಪುರಿಯ ಕುಡಿ ಕಟ್ಟಿದರೆ ಎರಡೂ ಬೆಸೆದುಕೊಂಡು ಒಂದೇ ಮರವಾಗುತ್ತವೆ. ಕುಡಿ ಎಂದೂ ಬುಡದ ಮೇಲೆ ಮುನಿಯುವುದಿಲ್ಲ. ಮನುಷ್ಯರ ಅಸ್ಥಿಮಜ್ಜೆಯ ಕಸಿ ಹಾಗಲ್ಲ. ಇಲ್ಲಿ ದಾನಿಯ ದೇಹದಿಂದ ಬಂದ ಜೀವಕೋಶಗಳೇ ತಮಗೆ ನೆಲೆ ಕೊಟ್ಟ ಶರೀರವನ್ನು ಪರಕೀಯವೆಂದು ಬಗೆದು ಅದರ ಮೇಲೆ ಎರಗಬಹುದು. ವೈದ್ಯರು ಇದನ್ನು ‘ಗ್ರಾಫ್ಟ್ ವರ್ಸಸ್ ಹೋಸ್ಟ್ ಡಿಸೀಸ್’ ಎನ್ನುತ್ತಾರೆ.

ಈ ಕಥೆ ಶುರುವಾಗುವುದು ಅಣುಬಾಂಬಿನ ನೆರಳಿನಲ್ಲಿ. 1945ರ ಹಿರೋಶಿಮಾ, ನಾಗಾಸಾಕಿಗಳ ನಂತರ ವಿಕಿರಣದ ಪೆಟ್ಟಿನಿಂದ ದೇಹವನ್ನು ಕಾಯುವುದು ಹೇಗೆ ಎಂಬ ಪ್ರಶ್ನೆ ಪ್ರಯೋಗಾಲಯಗಳನ್ನು ಹೊಕ್ಕಿತು. 1949ರಲ್ಲಿ ಲಿಯಾನ್ ಜೇಕಬ್‌ಸನ್, ಇಲಿಯ ಗುಲ್ಮಕ್ಕೆ ಸೀಸದ ಮರೆ ಕೊಟ್ಟರೆ ಮಾರಕ ವಿಕಿರಣದಲ್ಲೂ ಅದು ಬದುಕುತ್ತದೆಂದು ತೋರಿಸಿದರು. ಎರಡು ವರ್ಷಗಳ ನಂತರ ಎಗಾನ್ ಲೊರೆಂಜ್ ಮತ್ತು ಸಂಗಡಿಗರು, ಮಜ್ಜೆಯನ್ನು ಚುಚ್ಚಿದರೂ ಅದೇ ಫಲ ಸಿಗುತ್ತದೆಂದು ಕಂಡುಕೊಂಡರು.

1956ರಲ್ಲಿ ಇಂಗ್ಲೆಂಡಿನ ಹಾರ್ವೆಲ್‌ನಲ್ಲಿ ಬಾರ್ನ್ಸ್ ಮತ್ತು ಲೂಟಿಟ್ ಇದೇ ಉಪಾಯವನ್ನು ರಕ್ತದ ಕ್ಯಾನ್ಸರ್ ಇದ್ದ ಇಲಿಗಳ ಮೇಲೆ ಹೂಡಿದರು. ಬೇರೆ ತಳಿಯ ಮಜ್ಜೆ ಪಡೆದ ಇಲಿಗಳಲ್ಲಿ ಕ್ಯಾನ್ಸರ್ ಅಡಗಿತು. ಆದರೆ ಇಲಿಗಳು ಭೇದಿ ಹತ್ತಿ, ತೂಕ ಕಳೆದುಕೊಂಡು, ಸೊರಗಿ ಸತ್ತವು. ವಿಕಿರಣದ ಕಾಯಿಲೆ ಮೊದಲನೆಯದು; ಅದರಿಂದ ಪಾರಾದ ಮೇಲೆ ಬಂದ ಇದಕ್ಕೆ ‘ಎರಡನೆಯ ಕಾಯಿಲೆ’ ಎಂಬ ಹೆಸರು ನಿಂತಿತು. ಮುಂದಿನ ಎಲ್ಲ ಇಕ್ಕಟ್ಟಿನ ಬೀಜ ಈ ಇಲಿಗಳಲ್ಲೇ ಇತ್ತು. ರೋಗ ವಾಸಿ ಮಾಡಿದ್ದೂ ಇಲಿಯನ್ನು ಕೊಂದದ್ದೂ ಒಂದೇ ಕೈಯೇ?

ಮನುಷ್ಯರ ಸರದಿ ಬೇಗನೆ ಬಂತು. 1957ರಲ್ಲಿ ಅಮೆರಿಕದ ಡೊನಾಲ್ ಥಾಮಸ್ ರೋಗಿಗಳಿಗೆ ಮಜ್ಜೆ ಕೊಟ್ಟ ವರದಿ ಪ್ರಕಟಿಸಿದರು. 1958ರಲ್ಲಿ ಯುಗೊಸ್ಲಾವಿಯದ ವಿಂಚಾ ರಿಯಾಕ್ಟರಿನ ಅಪಘಾತದಲ್ಲಿ ವಿಕಿರಣಕ್ಕೆ ಸಿಕ್ಕವರನ್ನು ಪ್ಯಾರಿಸ್‌ಗೆ ಕರೆದೊಯ್ದು, ಅವರಲ್ಲಿ ಐವರಿಗೆ ಜಾರ್ಜ್ ಮಾಥೆ ಮಜ್ಜೆ ಕೊಟ್ಟರು, ನಾಲ್ವರು ಉಳಿದರು. ಆದರೆ 1960ರ ದಶಕ ಬಹುಮಟ್ಟಿಗೆ ಸೋಲಿನದು. ಕಸಿಗೆ ಒಳಗಾದವರಲ್ಲಿ ಬಹುಪಾಲು ಜನ ತೀರಿಕೊಂಡರು, ಅನೇಕ ವೈದ್ಯರು ಈ ದಾರಿಯನ್ನೇ ಬಿಟ್ಟರು. ಥಾಮಸ್ ಮತ್ತು ಅವರ ತಂಡ ಮಾತ್ರ ಸಿಯಾಟಲ್‌ನಲ್ಲಿ ನಾಯಿಗಳ ಮೇಲೆ ಪ್ರಯೋಗ ಮುಂದುವರಿಸಿತು.

ಆ ಕತ್ತಲಲ್ಲೇ ತಿಳಿವಳಿಕೆಯೂ ಬೆಳೆಯಿತು. ರೂಪರ್ಟ್ ಬಿಲ್ಲಿಂಗ್‌ಹ್ಯಾಮ್ 1966ರ ಹೊತ್ತಿಗೆ ಈ ಕಾಯಿಲೆಗೆ ಮೂರು ಷರತ್ತು ಹೇಳಿದರು. ಕಸಿಯಲ್ಲಿ ರೋಗನಿರೋಧಕ ಕೋಶಗಳಿರಬೇಕು. ದಾನಿಯಲ್ಲಿಲ್ಲದ ಗುರುತುಗಳು ರೋಗಿಯಲ್ಲಿರಬೇಕು. ಬಂದವರನ್ನು ಹೊರಗಟ್ಟುವ ಬಲ ರೋಗಿಗೆ ಇರಬಾರದು. ಜಾಕ್ ಮಿಲ್ಲರ್ 1961ರಲ್ಲಿ ಥೈಮಸ್ ಗ್ರಂಥಿಯ ಕೆಲಸವನ್ನು ಬಯಲು ಮಾಡಿದ್ದರು. ಅಲ್ಲಿ ಪಳಗುವ ಟಿ ಕೋಶಗಳೇ ಮುಖ್ಯ ಆರೋಪಿಗಳೆಂದು ಕ್ರಮೇಣ ಖಚಿತವಾಯಿತು. ಅಂಗಾಂಶದ ಗುರುತು ಹೊಂದುವ ಒಡಹುಟ್ಟಿದವರನ್ನು ದಾನಿಗಳಾಗಿ ಆರಿಸತೊಡಗಿದ ಮೇಲೆ ರೋಗಿಗಳು ಬದುಕತೊಡಗಿದರು.

ಬದುಕಿದವರಲ್ಲಿ ಇನ್ನೊಂದು ಕಾಯಿಲೆ ಕಾಣಿಸಿತು. ತಿಂಗಳುಗಳು ಕಳೆದ ಮೇಲೆ ಕೆಲವರ ಚರ್ಮ ಚಕ್ಕಳದಂತೆ ಬಿಗಿಯಿತು, ಕಣ್ಣೀರು ಬತ್ತಿತು, ಶ್ವಾಸನಾಳಗಳು ಕಿರಿದಾದವು. 1980ರಲ್ಲಿ ಸಿಯಾಟಲ್‌ನ ವೈದ್ಯರು ಇಪ್ಪತ್ತು ರೋಗಿಗಳನ್ನು ಕುರಿತು ಬರೆದು ಈ ದೀರ್ಘಕಾಲದ ರೂಪವನ್ನು ವಿವರಿಸಿದರು. ಇಲ್ಲಿ ಟಿ ಕೋಶ ಒಂಟಿಯಲ್ಲ. ಪೆಟ್ಟು ತಿಂದ ಥೈಮಸ್ ಹೊಸ ಕೋಶಗಳಿಗೆ ಸರಿಯಾದ ಪಾಠ ಕಲಿಸಲಾರದು. ತಡೆಯಬೇಕಾದ ನಿಯಂತ್ರಕ ಟಿ ಕೋಶಗಳು ಕಡಿಮೆಯಾಗುತ್ತವೆ. ಬಿ ಕೋಶಗಳು ದೇಹದ ವಿರುದ್ಧವೇ ಪ್ರತಿಕಾಯ ತಯಾರಿಸುತ್ತವೆ. ಮ್ಯಾಕ್ರೋಫೇಜ್‌ಗಳು ಅಂಗಾಂಶ ಗಟ್ಟಿಯಾಗಲು ಪ್ರಚೋದಿಸುತ್ತವೆ.

ಹಾಗಾದರೆ ಟಿ ಕೋಶಗಳನ್ನು ಸೋಸಿ ತೆಗೆದರಾಯಿತಲ್ಲ? 1980ರ ದಶಕದಲ್ಲಿ ಹಾಗೆ ಮಾಡಿಯೂ ನೋಡಿದರು. ಮುನಿಸು ತಗ್ಗಿತು, ಕ್ಯಾನ್ಸರ್ ಮರಳಿತು! ಈ ಮುನಿಸಿಗೆ ತುತ್ತಾದವರಲ್ಲಿ ಕ್ಯಾನ್ಸರ್ ಮರಳುವುದು ಕಡಿಮೆ ಎಂದು 1979ರಲ್ಲೇ ಸಿಯಾಟಲ್ ತಂಡ ಗಮನಿಸಿತ್ತು. 1990ರಲ್ಲಿ ಜರ್ಮನಿಯ ಹಾನ್ಸ್ ಯೋಕೆಮ್ ಕೋಲ್ಬ್ ಮತ್ತು ಸಂಗಡಿಗರು, ಕಸಿಯ ನಂತರ ರೋಗ ಮರುಕಳಿಸಿದ ಮೂವರಿಗೆ ದಾನಿಯ ಬಿಳಿ ರಕ್ತಕಣಗಳನ್ನೇ ಕೊಟ್ಟು ಕ್ಯಾನ್ಸರನ್ನು ಹಿಮ್ಮೆಟ್ಟಿಸಿದರು. ಹಾರ್ವೆಲ್‌ನ ಇಲಿಗಳು ಕೇಳಿದ್ದ ಪ್ರಶ್ನೆಗೆ ಉತ್ತರ ಹೌದು ಎಂದಾಗಿತ್ತು. ಅದೇ ವರ್ಷ ಥಾಮಸ್‌ಗೆ ನೊಬೆಲ್ ಬಂತು.

ಆಮೇಲಿನ ಔಷಧಗಳು ಆರೋಪಿಗಳ ಪಟ್ಟಿಯನ್ನೇ ಹಿಂಬಾಲಿಸಿವೆ. ದಶಕಗಳ ಕಾಲ ಸ್ಟೀರಾಯ್ಡೇ ಮುಖ್ಯ ಆಸರೆಯಾಗಿತ್ತು. 2017ರಲ್ಲಿ ಬಿ ಕೋಶಗಳನ್ನೂ ಹತ್ತಿಕ್ಕುವ ಇಬ್ರುಟಿನಿಬ್, 2021ರಲ್ಲಿ ರುಕ್ಸೊಲಿಟಿನಿಬ್ ಮತ್ತು ಬೆಲುಮೊಸುಡಿಲ್, 2024ರಲ್ಲಿ ಮ್ಯಾಕ್ರೋಫೇಜ್‌ಗಳನ್ನು ಗುರಿಯಾಗಿಸಿದ ಆಕ್ಸಟಿಲಿಮ್ಯಾಬ್ ಅಮೆರಿಕದಲ್ಲಿ ಒಪ್ಪಿಗೆ ಪಡೆದವು. ಕ್ಯಾನ್ಸರ್ ಕೊಲ್ಲುವ ಶಕ್ತಿಯನ್ನು ಉಳಿಸಿ ಮುನಿಸನ್ನಷ್ಟೇ ತೆಗೆಯುವ ಮದ್ದಿಗಾಗಿ ಹುಡುಕಾಟ ನಡೆದೇ ಇದೆ. ಅಲ್ಲಿಯವರೆಗೆ, ಕ್ಯಾನ್ಸರ್ ಗೆದ್ದು ಮನೆಗೆ ಮರಳಿದವರಲ್ಲಿ ಹಲವರು ಬಾಯಿ ಹುಣ್ಣಿನಿಂದ ಖಾರದ ಸಾರು ಉಣ್ಣಲಾಗದೆ, ಗಂಟೆಗೊಮ್ಮೆ ಕಣ್ಣಿಗೆ ಹನಿ ಹಾಕಿಕೊಳ್ಳುತ್ತ ಈ ಇತಿಹಾಸವನ್ನು ಮೈಮೇಲೆ ಹೊತ್ತು ಬದುಕುತ್ತಿದ್ದಾರೆ.