ಕರ್ನಾಟಕದ ನಗರಗಳಲ್ಲಿ ಪಾದಚಾರಿ ಮತ್ತು ಸೈಕಲ್ ಸವಾರರ ಸುರಕ್ಷತೆ

ನಗರದ ಬೀದಿಗಳಲ್ಲಿ ನಡೆದು ಹೋಗುವವರು ಮತ್ತು ಸೈಕಲ್ ತುಳಿಯುವವರು ಅಪಘಾತದ ಭಯವಿಲ್ಲದೆ ಸಂಚರಿಸುವಂತೆ ರಸ್ತೆ, ಕೂಡುರಸ್ತೆ, ಪಾದಚಾರಿ ಮಾರ್ಗ ಹಾಗೂ ಸಂಚಾರ ನಿಯಮಗಳನ್ನು ರೂಪಿಸುವ ಕಾರ್ಯವು ನಗರ ಯೋಜನೆ ಮತ್ತು ರಸ್ತೆ ಎಂಜಿನಿಯರಿಂಗ್‌ನ ಒಂದು ಮುಖ್ಯ ಭಾಗವಾಗಿದೆ. ಕರ್ನಾಟಕದಲ್ಲಿ ಈ ವಿಷಯಕ್ಕೆ ಆಡಳಿತಾತ್ಮಕ ನೆಲೆ ದೊರೆತದ್ದು ಕೇಂದ್ರ ಸರ್ಕಾರದ 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿ ಮತ್ತು 2007ರಲ್ಲಿ ರಾಜ್ಯದಲ್ಲಿ ಸ್ಥಾಪನೆಯಾದ ನಗರ ಭೂಸಾರಿಗೆ ನಿರ್ದೇಶನಾಲಯದ ಮೂಲಕ. ರಸ್ತೆಯು ವಾಹನಗಳ ಸಾಗಣೆಗಲ್ಲ, ಜನರ ಸಾಗಣೆಗೆ ಎಂಬುದು ಆ ನೀತಿಯ ತಿರುಳು. ಅನಂತರದ ವರ್ಷಗಳಲ್ಲಿ ಬೆಂಗಳೂರು, ಮೈಸೂರು, ಹುಬ್ಬಳ್ಳಿ–ಧಾರವಾಡ ನಗರಗಳಲ್ಲಿ ನಡೆದ ಪ್ರಯೋಗಗಳಲ್ಲಿ ಕೆಲವು ಉಳಿದವು, ಕೆಲವು ಅಳಿಸಿಹೋದವು.

ಹಿನ್ನೆಲೆ

ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯದ ವರದಿಯಂತೆ 2022ರಲ್ಲಿ ಭಾರತದಲ್ಲಿ 4,61,312 ರಸ್ತೆ ಅಪಘಾತಗಳು ಸಂಭವಿಸಿ 1,68,491 ಜನರು ಮೃತಪಟ್ಟರು. ಇವರಲ್ಲಿ 32,825 ಮಂದಿ ಪಾದಚಾರಿಗಳು. ಅಂದರೆ ಸತ್ತವರಲ್ಲಿ ಸರಿಸುಮಾರು ಐವರಿಗೊಬ್ಬರು ಯಾವ ವಾಹನದಲ್ಲಿಯೂ ಇರಲಿಲ್ಲ. ಬಸ್ಸು, ರೈಲು ಅಥವಾ ಮೆಟ್ರೋದಲ್ಲಿ ಪಯಣಿಸುವವನು ಸಹ ತನ್ನ ಪ್ರಯಾಣದ ಮೊದಲ ಮತ್ತು ಕೊನೆಯ ಭಾಗದಲ್ಲಿ ಪಾದಚಾರಿಯೇ ಆಗಿರುವುದರಿಂದ ಈ ಅಪಾಯವು ವಾಹನವಿಲ್ಲದವರಿಗೆ ಮಾತ್ರ ಸೀಮಿತವಲ್ಲ.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮೋಟಾರು ವಾಹನಗಳು ಹೆಚ್ಚಿದಂತೆ ಜಗತ್ತಿನ ಬಹುತೇಕ ನಗರಗಳು ರಸ್ತೆಯನ್ನು ಅಗಲಗೊಳಿಸಿ ಪಾದಚಾರಿಯನ್ನು ಅಂಚಿಗೆ ತಳ್ಳಿದವು. ನೆದರ್ಲೆಂಡ್ಸ್ ಸಹ ಇದೇ ಹಾದಿಯಲ್ಲಿತ್ತು. 1970ರ ದಶಕದ ಆರಂಭದಲ್ಲಿ ಅಲ್ಲಿ ರಸ್ತೆ ಅಪಘಾತಗಳಲ್ಲಿ ವರ್ಷಕ್ಕೆ ಮೂರು ಸಾವಿರಕ್ಕೂ ಹೆಚ್ಚು ಜನರು ಸಾಯುತ್ತಿದ್ದರು. ಅವರಲ್ಲಿ ನೂರಾರು ಮಕ್ಕಳಿದ್ದರು. ತಂದೆತಾಯಿಗಳು ಬೀದಿಗಿಳಿದು ನಡೆಸಿದ ಚಳವಳಿ ಮತ್ತು 1973ರ ತೈಲ ಬಿಕ್ಕಟ್ಟಿನ ನಂತರ ಆ ದೇಶವು ಸೈಕಲ್ ಪಥಗಳ ಕಡೆಗೆ ಹೊರಳಿತು. ಸೈಕಲ್ ಅಲ್ಲಿನ ಜನರ ಹುಟ್ಟುಗುಣವೆಂಬ ಭಾವನೆ ವ್ಯಾಪಕವಾಗಿದ್ದರೂ ಇಂದಿನ ಸ್ಥಿತಿಯು ಸಾರ್ವಜನಿಕ ಒತ್ತಾಯದ ಫಲವಾಗಿದೆ.

ವೇಗ ಮತ್ತು ಅಪಾಯ

ಪಾದಚಾರಿಯ ಸಾವು ಬದುಕನ್ನು ನಿರ್ಧರಿಸುವ ಅಂಶಗಳಲ್ಲಿ ವಾಹನದ ವೇಗವೇ ಮುಖ್ಯವಾದುದು. ಚಲಿಸುವ ವಸ್ತುವಿನ ಚಲನಶಕ್ತಿಯು ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ಗಂಟೆಗೆ 60 ಕಿ.ಮೀ. ವೇಗದ ಕಾರಿನಲ್ಲಿ 30 ಕಿ.ಮೀ. ವೇಗದ ಅದೇ ಕಾರಿಗಿಂತ ನಾಲ್ಕು ಪಟ್ಟು ಶಕ್ತಿ ಇರುತ್ತದೆ. ಚಾಲಕನು ಅಪಾಯವನ್ನು ಕಂಡು ಬ್ರೇಕ್ ಒತ್ತಲು ಒಂದೂವರೆ ಸೆಕೆಂಡ್ ಬೇಕೆಂದಿಟ್ಟುಕೊಂಡರೆ, ಒಣಗಿದ ಡಾಂಬರು ರಸ್ತೆಯಲ್ಲಿ 30 ಕಿ.ಮೀ. ವೇಗದ ಕಾರು ಸುಮಾರು 18 ಮೀಟರ್‌ಗಳಲ್ಲಿ ನಿಲ್ಲುತ್ತದೆ, 60 ಕಿ.ಮೀ. ವೇಗದ ಕಾರಿಗೆ ಸುಮಾರು 45 ಮೀಟರ್ ಬೇಕು. ಮಳೆ ಬಿದ್ದ ರಸ್ತೆಯಲ್ಲಿ ಈ ಅಂತರ ಇನ್ನೂ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಕಾರಿನ ಮುಂಭಾಗ ಬಡಿದ ಪಾದಚಾರಿಯ ಸಾವಿನ ಸಂಭವವು ವೇಗವು 50ರಿಂದ 65 ಕಿ.ಮೀ.ಗೆ ಏರಿದಾಗ ನಾಲ್ಕೂವರೆ ಪಟ್ಟಾಗುತ್ತದೆ. 2020ರ ಫೆಬ್ರುವರಿಯ ಸ್ಟಾಕ್‌ಹೋಮ್ ಘೋಷಣೆಯು ಪಾದಚಾರಿಗಳು ಮತ್ತು ವಾಹನಗಳು ಬೆರೆಯುವ ಬೀದಿಗಳಲ್ಲಿ 30 ಕಿ.ಮೀ. ಗರಿಷ್ಠ ಮಿತಿಯನ್ನು ಶಿಫಾರಸು ಮಾಡಿತು.

ಫಲಕದ ಮೇಲೆ ಬರೆದ ಮಿತಿಯಷ್ಟರಿಂದಲೇ ವೇಗ ತಗ್ಗುವುದಿಲ್ಲ. ಅಗಲವಾದ, ನೇರವಾದ, ಅಡ್ಡಿಯಿಲ್ಲದ ರಸ್ತೆಯು ಚಾಲಕನನ್ನು ವೇಗಕ್ಕೆ ಆಹ್ವಾನಿಸುತ್ತದೆ. ಏಕಮುಖ ಸಂಚಾರವೂ ಸಿಗ್ನಲ್ ರಹಿತ ಕಾರಿಡಾರ್‌ಗಳೂ ದಟ್ಟಣೆಯನ್ನು ಕರಗಿಸಲೆಂದು ಬಂದವುಗಳಾದರೂ, ದಟ್ಟಣೆಯಿಲ್ಲದ ಹೊತ್ತಿನಲ್ಲಿ ಅವು ರಸ್ತೆ ದಾಟುವವರ ಪಾಲಿಗೆ ಹೆದ್ದಾರಿಗಳೇ ಆಗಿ ಪರಿಣಮಿಸುತ್ತವೆ.

ಕೂಡುರಸ್ತೆಯ ವಿನ್ಯಾಸ

ನಗರದಲ್ಲಿ ಎಲ್ಲ ದಿಕ್ಕಿನ ಸಂಚಾರ ಒಂದನ್ನೊಂದು ಕತ್ತರಿಸುವ ಸ್ಥಳವೇ ಕೂಡುರಸ್ತೆ. ಎರಡು ಕೂಡುರಸ್ತೆಗಳ ನಡುವಿನ ಪಾದಚಾರಿ ಮಾರ್ಗ ಎಷ್ಟೇ ಚೆನ್ನಾಗಿದ್ದರೂ ದಾಟುವ ಜಾಗ ಸರಿಯಿಲ್ಲದಿದ್ದರೆ ಅದರ ಪ್ರಯೋಜನ ಅರ್ಧವಾಗುತ್ತದೆ.

ಮೊದಲನೆಯ ಪ್ರಶ್ನೆ ಸಮಯದ್ದು. ಸಾಮಾನ್ಯ ಲೆಕ್ಕಾಚಾರದಲ್ಲಿ ಪಾದಚಾರಿಯ ವೇಗವನ್ನು ಸೆಕೆಂಡಿಗೆ 1.2 ಮೀಟರ್ ಎಂದು ಹಿಡಿಯಲಾಗುತ್ತದೆ. ತಲಾ 3.5 ಮೀಟರ್‌ನ ನಾಲ್ಕು ಪಥಗಳ ರಸ್ತೆಯನ್ನು ದಾಟಲು ಈ ವೇಗದಲ್ಲಿ ಸುಮಾರು 12 ಸೆಕೆಂಡ್ ಬೇಕು. ಸೆಕೆಂಡಿಗೆ 0.8 ಮೀಟರ್‌ನಷ್ಟೇ ನಡೆಯಬಲ್ಲ ವೃದ್ಧರಿಗೆ 17 ಸೆಕೆಂಡಿಗೂ ಹೆಚ್ಚು ಬೇಕು. ಹಸಿರು ದೀಪವನ್ನು ಯುವಕನ ನಡಿಗೆಗೆ ಹೊಂದಿಸಿದ ಸಿಗ್ನಲ್ಲಿನಲ್ಲಿ ವೃದ್ಧರು ರಸ್ತೆಯ ನಡುವೆ ಉಳಿದುಬಿಡುತ್ತಾರೆ. ಇದಕ್ಕೆ ಪರಿಹಾರವಾಗಿ ರಸ್ತೆ ವಿಭಜಕದಲ್ಲಿ ನಿಲ್ಲಲು ಸಾಕಷ್ಟು ಅಗಲದ, ಎರಡೂ ಬದಿಗೆ ಕಟ್ಟೆಯಿರುವ ಆಶ್ರಯ ದ್ವೀಪವನ್ನು ನಿರ್ಮಿಸಲಾಗುತ್ತದೆ. ಆಗ ಒಂದು ದೊಡ್ಡ ದಾಟು ಎರಡು ಸಣ್ಣ ದಾಟುಗಳಾಗುತ್ತದೆ. ಒಂದು ಬಾರಿಗೆ ಒಂದೇ ದಿಕ್ಕಿನ ವಾಹನಗಳನ್ನು ಗಮನಿಸಿದರೆ ಸಾಕು.

ಎರಡನೆಯದು ಎಡ ತಿರುವು. ಭಾರತದಲ್ಲಿ ವಾಹನಗಳು ಎಡಬದಿಯಲ್ಲಿ ಚಲಿಸುವುದರಿಂದ ಅನೇಕ ಸಿಗ್ನಲ್‌ಗಳಲ್ಲಿ ಎಡಕ್ಕೆ ತಿರುಗುವವರಿಗೆ ಸದಾ ಮುಕ್ತ ಅವಕಾಶವಿರುತ್ತದೆ. ‘ಫ್ರೀ ಲೆಫ್ಟ್’ ಎಂದು ಜನಜನಿತವಾಗಿರುವ ಈ ವ್ಯವಸ್ಥೆಯಲ್ಲಿ ಪಾದಚಾರಿಗೆ ಆ ಮೂಲೆಯನ್ನು ದಾಟಲು ಯಾವ ಕ್ಷಣವೂ ಮೀಸಲಾಗಿರುವುದಿಲ್ಲ. ಮೂಲೆಯ ವಕ್ರತೆಯ ತ್ರಿಜ್ಯ ದೊಡ್ಡದಾಗಿದ್ದಷ್ಟೂ ವಾಹನವು ವೇಗ ತಗ್ಗಿಸದೆ ತಿರುಗುತ್ತದೆ. ಮೂಲೆಯನ್ನು ಬಿಗಿಗೊಳಿಸಿದರೆ ತಿರುಗುವ ವೇಗವೂ ದಾಟಬೇಕಾದ ದೂರವೂ ಒಟ್ಟಿಗೆ ತಗ್ಗುತ್ತವೆ. ಸೈಕಲ್ ಸವಾರನಿಗೆ ಇದೇ ಮೂಲೆ ಅತ್ಯಂತ ಅಪಾಯಕಾರಿಯಾದುದು. ಆತ ಎಡ ಅಂಚಿನಲ್ಲಿ ನೇರವಾಗಿ ಸಾಗುತ್ತಿರುವಾಗ ಪಕ್ಕದ ಬಸ್ಸು ಅಥವಾ ಲಾರಿ ಎಡಕ್ಕೆ ತಿರುಗಿದರೆ, ಬಲಬದಿಯಲ್ಲಿ ಕುಳಿತ ಚಾಲಕನಿಗೆ ಅವನು ಕಾಣುವ ಸಾಧ್ಯತೆ ಕಡಿಮೆ. ಹಿಂದಿನ ಚಕ್ರವು ಮುಂದಿನ ಚಕ್ರಕ್ಕಿಂತ ಒಳಗಿನಿಂದ ತಿರುಗುವುದರಿಂದ ತಪ್ಪಿಸಿಕೊಳ್ಳಲು ಜಾಗವೂ ಇರುವುದಿಲ್ಲ. ಸಿಗ್ನಲ್ಲಿನಲ್ಲಿ ಮೋಟಾರು ವಾಹನಗಳ ನಿಲುಗಡೆ ಗೆರೆಯನ್ನು ಹಿಂದಕ್ಕೆ ಸರಿಸಿ ಸೈಕಲ್‌ಗಳಿಗೆ ಮುಂದೆ ಜಾಗ ಕೊಡುವುದು, ಪಾದಚಾರಿ ಮತ್ತು ಸೈಕಲ್‌ಗಳಿಗೆ ಕೆಲವು ಸೆಕೆಂಡ್ ಮೊದಲೇ ಹಸಿರು ತೋರಿಸುವುದು, ಮೂಲೆಯಲ್ಲಿ ಕಲ್ಲುಕಟ್ಟೆಯ ಸಣ್ಣ ದ್ವೀಪದಿಂದ ಎರಡೂ ಹಾದಿಗಳನ್ನು ಬೇರ್ಪಡಿಸುವುದು ಇದಕ್ಕೆ ರೂಢಿಯಲ್ಲಿರುವ ಉಪಾಯಗಳು.

ಮೂಲೆಗೆ ತೀರ ಸಮೀಪದಲ್ಲಿ ವಾಹನ ನಿಲ್ಲಿಸಲು ಬಿಡದಿರುವುದು ಹೆಚ್ಚು ಖರ್ಚಿಲ್ಲದ ಕ್ರಮ. ನಿಂತ ಆಟೋ ಅಥವಾ ಕಾರಿನ ಹಿಂದಿನಿಂದ ಹೊರಬರುವ ಮಗು ಚಾಲಕನಿಗೆ ಕಾಣುವುದೇ ಕೊನೆಯ ಗಳಿಗೆಯಲ್ಲಿ. ದಾಟುವ ಪಟ್ಟಿಯನ್ನೇ ಪಾದಚಾರಿ ಮಾರ್ಗದ ಎತ್ತರಕ್ಕೆ ಏರಿಸಿ ಕಟ್ಟಿದರೆ ಜೀಬ್ರಾ ಪಟ್ಟೆಯ ಬಣ್ಣ ಮಾಸಿದ ಮೇಲೂ ವಾಹನಗಳು ನಿಧಾನಿಸಲೇಬೇಕಾಗುತ್ತದೆ.

ಸ್ಕೈವಾಕ್‌ಗಳ ವಿಷಯದಲ್ಲಿ ಭಿನ್ನಾಭಿಪ್ರಾಯವಿದೆ. ಬೆಂಗಳೂರಿನಲ್ಲಿ ಜಾಹೀರಾತಿನ ಆದಾಯವನ್ನು ನೆಚ್ಚಿ ಖಾಸಗಿ ಸಹಭಾಗಿತ್ವದಲ್ಲಿ ಇಂತಹ ಹಲವು ಮೇಲುಸೇತುವೆಗಳು ನಿರ್ಮಾಣವಾದವು. ಅತಿ ವೇಗದ ಹೆದ್ದಾರಿಗಳಲ್ಲಿ ಇವು ಅನಿವಾರ್ಯವಿರಬಹುದು. ಆದರೆ ಮೊಣಕಾಲು ನೋವಿನವರು, ಗರ್ಭಿಣಿಯರು, ಚೀಲ ಹೊತ್ತವರು ಮತ್ತು ಗಾಲಿಕುರ್ಚಿ ಬಳಸುವವರಿಗೆ ಮೆಟ್ಟಿಲು ಹತ್ತಿಳಿಯುವುದು ಶಿಕ್ಷೆ. ಲಿಫ್ಟ್ ಇದ್ದರೂ ಅದು ಕೆಟ್ಟು ನಿಂತರೆ ಅದೇ ಸ್ಥಿತಿ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿಯು ಸಾಧ್ಯವಿರುವಲ್ಲೆಲ್ಲ ನೆಲಮಟ್ಟದ ದಾಟುಗಳಿಗೇ ಆದ್ಯತೆ ನೀಡುತ್ತದೆ.

ಪಾದಚಾರಿ ಮಾರ್ಗದ ಗುಣಮಟ್ಟ

ರಸ್ತೆ ಕಾಂಗ್ರೆಸ್ಸಿನ ಐಆರ್‌ಸಿ 103 ಮಾರ್ಗಸೂಚಿಯ 2012ರ ಆವೃತ್ತಿಯಂತೆ ಪಾದಚಾರಿ ಮಾರ್ಗದಲ್ಲಿ ಅಡೆತಡೆಯಿಲ್ಲದ ಕನಿಷ್ಠ 1.8 ಮೀಟರ್ ಅಗಲವಿರಬೇಕು ಮತ್ತು ಅದರ ಎತ್ತರ 150 ಮಿ.ಮೀ. ಮೀರಬಾರದು. ರಾಜ್ಯದ ಬಹುಪಾಲು ಊರುಗಳಲ್ಲಿ ಪಾದಚಾರಿ ಮಾರ್ಗವೆಂದರೆ ಚರಂಡಿಯ ಮೇಲೆ ಹಾಸಿದ ಕಲ್ಲುಚಪ್ಪಡಿಗಳ ಸಾಲು. ಹೂಳೆತ್ತಲು ತೆಗೆದ ಚಪ್ಪಡಿ ಮರಳಿ ಕೂರದಿದ್ದರೆ ಅಲ್ಲೊಂದು ಗುಂಡಿ. ವಿದ್ಯುತ್ ಪರಿವರ್ತಕ, ಕಂಬ ಹಾಗೂ ಪ್ರತಿ ಮನೆಯ ಮುಂದಿನ ಇಳಿಜಾರು ಉಳಿದ ಜಾಗವನ್ನು ತಿನ್ನುತ್ತವೆ. ಪ್ರತಿ ಇಪ್ಪತ್ತು ಹೆಜ್ಜೆಗೊಮ್ಮೆ ಹತ್ತಿ ಇಳಿಯುವುದಕ್ಕಿಂತ ರಸ್ತೆಯ ಮೇಲೆಯೇ ನಡೆಯುವುದನ್ನು ಜನರು ಆರಿಸಿಕೊಳ್ಳುತ್ತಾರೆ. ಇದನ್ನು ಶಿಸ್ತಿನ ಕೊರತೆಯೆಂದು ಬಣ್ಣಿಸುವುದು ವಾಡಿಕೆ.

ಬೀದಿ ವ್ಯಾಪಾರಿಗಳನ್ನು ಅಡಚಣೆಯೆಂದೇ ಕಾಣುವ ದೃಷ್ಟಿಯೂ ಪೂರ್ಣವಲ್ಲ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯು ಅವರಿಗೆ ಗೊತ್ತುಪಡಿಸಿದ ಸ್ಥಳ ನೀಡಬೇಕೆನ್ನುತ್ತದೆ. ಸಂಜೆಯ ಹೊತ್ತು ಹೂವು, ಹಣ್ಣಿನ ಗಾಡಿಗಳ ಬೆಳಕಿರುವ ಬೀದಿಯಲ್ಲಿ ಒಂಟಿ ಮಹಿಳೆಯೂ ಧೈರ್ಯವಾಗಿ ನಡೆಯಬಲ್ಲಳು.

ಬೆಂಗಳೂರಿನ ಪ್ರಯೋಗಗಳು

ಜನ ಅರ್ಬನ್ ಸ್ಪೇಸ್ ಫೌಂಡೇಶನ್ ರೂಪಿಸಿದ ‘ಟೆಂಡರ್ ಶ್ಯೂರ್’ ಮಾದರಿಯು ರಾಜ್ಯದ ರಸ್ತೆ ವಿನ್ಯಾಸದಲ್ಲಿ ಒಂದು ತಿರುವು. 2010ರ ದಶಕದಲ್ಲಿ ಅಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಮೂಲಕ ವಿಠಲ್ ಮಲ್ಯ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆ, ರೆಸಿಡೆನ್ಸಿ ರಸ್ತೆ, ಮ್ಯೂಸಿಯಂ ರಸ್ತೆ, ಕನ್ನಿಂಗ್‌ಹ್ಯಾಂ ರಸ್ತೆ ಮೊದಲಾದ ಕೇಂದ್ರಭಾಗದ ಬೀದಿಗಳು ಇದರಂತೆ ಮರುನಿರ್ಮಾಣಗೊಂಡವು. ನೀರು, ಒಳಚರಂಡಿ, ವಿದ್ಯುತ್ ಮತ್ತು ದೂರಸಂಪರ್ಕದ ಸಾಲುಗಳನ್ನು ಮೊದಲು ನೆಲದಡಿಯಲ್ಲಿ ವ್ಯವಸ್ಥಿತವಾಗಿ ಜೋಡಿಸಿ, ಅನಂತರ ಮೇಲ್ಮೈಯನ್ನು ಹಾಸುವುದು ಇದರ ವಿಶೇಷ. ಪದೇ ಪದೇ ಅಗೆಯುವುದು ತಪ್ಪಿದರೆ ಮಾತ್ರ ಪಾದಚಾರಿ ಮಾರ್ಗ ಉಳಿಯುತ್ತದೆ ಎಂಬ ಅರಿವು ಅದರ ಹಿಂದಿತ್ತು. ವಾಹನ ಪಥದ ಅಗಲವನ್ನು ರಸ್ತೆಯುದ್ದಕ್ಕೂ ಒಂದೇ ಸಮನಾಗಿರಿಸಿ, ಉಳಿದದ್ದನ್ನು ನಡೆಯುವವರಿಗೂ ಗಿಡಮರಗಳಿಗೂ ನಿಲುಗಡೆಗೂ ಹಂಚಲಾಯಿತು. ರಸ್ತೆ ಕಿರಿದಾಯಿತೆಂದು, ವೆಚ್ಚ ಅಧಿಕವಾಯಿತೆಂದು, ಕಾಮಗಾರಿ ವಿಳಂಬವಾಯಿತೆಂದು ಟೀಕೆಗಳು ಬಂದವು. ಕಾಮಗಾರಿಯ ಕಾಲದ ಕಿರಿಕಿರಿ ನಿಜವಾದರೂ, ಅಗಲ ಒಮ್ಮೆ ಹಿಗ್ಗಿ ಒಮ್ಮೆ ಕುಗ್ಗುವ ರಸ್ತೆಯ ಸಾಮರ್ಥ್ಯವನ್ನು ಅದರ ಅತಿ ಕಿರಿದಾದ ಭಾಗವೇ ನಿರ್ಧರಿಸುತ್ತದೆ ಎಂಬುದನ್ನು ಮೊದಲನೆಯ ಟೀಕೆ ಮರೆಯುತ್ತದೆ.

2018ರಲ್ಲಿ ಕಲ್ಲುಹಾಸಿನೊಂದಿಗೆ ಮರುರೂಪ ಪಡೆದ ಚರ್ಚ್ ಸ್ಟ್ರೀಟನ್ನು 2020ರ ನವೆಂಬರ್‌ನಿಂದ ಕೆಲವು ತಿಂಗಳ ಕಾಲ ವಾರಾಂತ್ಯಗಳಲ್ಲಿ ವಾಹನಮುಕ್ತಗೊಳಿಸಲಾಯಿತು.

ಸೈಕಲ್ ಪಥಗಳ ಕಥೆ ಅಷ್ಟು ಹರ್ಷದಾಯಕವಲ್ಲ. 2010ರ ದಶಕದ ಆರಂಭದಲ್ಲಿ ಜಯನಗರದ ಬೀದಿಗಳಲ್ಲಿ ಗುರುತಿಸಿದ ಸೈಕಲ್ ಪಥಗಳು ಬಹುಬೇಗ ವಾಹನ ನಿಲುಗಡೆಯ ಜಾಗಗಳಾದವು. 2020ರಲ್ಲಿ ಕೋವಿಡ್ ಹಿನ್ನೆಲೆಯಲ್ಲಿ ಕೇಂದ್ರ ಸರ್ಕಾರ ನಗರಗಳಿಗೆ ಸೈಕಲ್ ಸವಾಲನ್ನು ಪ್ರಕಟಿಸಿದಾಗ, ಹೊರವರ್ತುಲ ರಸ್ತೆಯಲ್ಲಿ ಸೆಂಟ್ರಲ್ ಸಿಲ್ಕ್ ಬೋರ್ಡ್‌ನಿಂದ ಕೃಷ್ಣರಾಜಪುರದ ಕಡೆಗೆ ಬಸ್ ಆದ್ಯತಾ ಪಥದ ಜೊತೆಗೇ ತಾತ್ಕಾಲಿಕ ಸೈಕಲ್ ಪಥವನ್ನು ಯೋಜಿಸಿ, ಅದರ ಮೊದಲ ಭಾಗವನ್ನು ಗೂಟಗಳಿಂದ ಬೇರ್ಪಡಿಸಲಾಯಿತು. ಮೆಟ್ರೋ ಕಾಮಗಾರಿ ಆರಂಭವಾದ ಮೇಲೆ ಅದೂ ಅಳಿಯಿತು. ಬಣ್ಣದ ಗೆರೆಯಿಂದಾದ ಪಥವನ್ನು ಕಾಯಲು ದಿನವೂ ಪೊಲೀಸರು ಬೇಕು, ಎತ್ತರದ ಕಟ್ಟೆಯಿಂದಾದ ಪಥವು ತನ್ನನ್ನು ತಾನೇ ಕಾಯ್ದುಕೊಳ್ಳುತ್ತದೆ.

ಮೈಸೂರು ಮತ್ತು ಹುಬ್ಬಳ್ಳಿ

ಮೈಸೂರಿನಲ್ಲಿ 2017ರ ಜೂನ್‌ನಲ್ಲಿ ‘ಟ್ರಿಣ್ ಟ್ರಿಣ್’ ಎಂಬ ಸಾರ್ವಜನಿಕ ಬೈಸಿಕಲ್ ಹಂಚಿಕೆ ಯೋಜನೆ ಆರಂಭವಾಯಿತು. 450 ಸೈಕಲ್‌ಗಳು ಮತ್ತು 48 ನಿಲ್ದಾಣಗಳೊಂದಿಗೆ ಪ್ರಾರಂಭವಾದ ಇದಕ್ಕೆ ಜಾಗತಿಕ ಪರಿಸರ ನಿಧಿಯ ನೆರವಿತ್ತು. ಹುಬ್ಬಳ್ಳಿಯಲ್ಲಿ ಸ್ಮಾರ್ಟ್ ಸಿಟಿ ಯೋಜನೆಯಡಿ ಉಣಕಲ್ ನಾಲೆಯ ದಂಡೆಗುಂಟ ವಾಹನ ಸಂಚಾರದಿಂದ ದೂರವಾದ ಹಸಿರು ಸಂಚಾರ ಪಥವನ್ನು ಕೈಗೆತ್ತಿಕೊಳ್ಳಲಾಯಿತು. ನಾಲೆಯ ದಂಡೆಯಲ್ಲಿ ಕೂಡುರಸ್ತೆಗಳು ವಿರಳವಾದುದರಿಂದ ಇಂತಹ ಪಥಗಳು ಮಕ್ಕಳಿಗೂ ಹೊಸ ಸವಾರರಿಗೂ ಸೂಕ್ತ.

ಕಾನೂನು

2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯ 198ಎ ಕಲಮು, ನಿಗದಿತ ಮಾನದಂಡಗಳನ್ನು ಪಾಲಿಸದ ರಸ್ತೆ ವಿನ್ಯಾಸ ಅಥವಾ ನಿರ್ವಹಣೆಯಿಂದ ಸಾವು ಇಲ್ಲವೆ ಅಂಗವೈಕಲ್ಯ ಉಂಟಾದರೆ ಹೊಣೆಗಾರರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶ ನೀಡುತ್ತದೆ. ಅದೇ ತಿದ್ದುಪಡಿಯು ಪಾದಚಾರಿ ಮತ್ತು ಮೋಟಾರುರಹಿತ ವಾಹನಗಳ ಸಂಚಾರದ ಬಗ್ಗೆ ನಿಯಮ ರಚಿಸುವ ಅಧಿಕಾರವನ್ನು ರಾಜ್ಯಗಳಿಗೆ ಕೊಟ್ಟಿತು. ಬೆಂಗಳೂರಿನ ರಸ್ತೆಗುಂಡಿಗಳ ಪ್ರಕರಣದಲ್ಲಿ 2019ರ ಜುಲೈನಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ಸುಸ್ಥಿತಿಯಲ್ಲಿರುವ ರಸ್ತೆ ಮತ್ತು ಪಾದಚಾರಿ ಮಾರ್ಗಗಳನ್ನು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಪರಿಗಣಿಸಿತು. ಆಗ ಅಲ್ಲಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ಅಭಯ್ ಎಸ್. ಓಕಾ ಅವರಿದ್ದ ಸರ್ವೋಚ್ಚ ನ್ಯಾಯಾಲಯದ ಪೀಠವು 2025ರ ಮೇ ತಿಂಗಳಲ್ಲಿ ಪಾದಚಾರಿ ಮಾರ್ಗದ ಹಕ್ಕಿನ ಬಗ್ಗೆ ಇದೇ ನಿಲುವನ್ನು ಇಡೀ ದೇಶಕ್ಕೆ ಅನ್ವಯವಾಗುವಂತೆ ಘೋಷಿಸಿತು. ರಾಜ್ಯದ ನಗರ ಭೂಸಾರಿಗೆ ನಿರ್ದೇಶನಾಲಯವು ಸಕ್ರಿಯ ಸಂಚಾರ ಮಸೂದೆಯೊಂದರ ಕರಡನ್ನು 2021ರಲ್ಲಿ ಸಿದ್ಧಪಡಿಸಿತ್ತು.

ಹೆದ್ದಾರಿ ಹಾದುಹೋಗುವ ಸಣ್ಣ ಊರುಗಳು

ಮಾರ್ಗಸೂಚಿಗಳ ಚರ್ಚೆ ಹೆಚ್ಚಾಗಿ ಮಹಾನಗರಗಳ ಸುತ್ತ ನಡೆದರೂ, ಊರಿನ ಪೇಟೆಬೀದಿಯೇ ಹೆದ್ದಾರಿಯೂ ಆಗಿರುವ ಪಟ್ಟಣಗಳ ಸಮಸ್ಯೆ ಬೇರೆಯೇ ಬಗೆಯದು. ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲವು ಇದಕ್ಕೆ ನಿದರ್ಶನ. ಕೋಯಿಕ್ಕೋಡಿನಿಂದ ಮೈಸೂರಿನ ಮೂಲಕ ಬರುವ ರಾಷ್ಟ್ರೀಯ ಹೆದ್ದಾರಿ 766 ಇಲ್ಲಿ ಕೊನೆಗೊಳ್ಳುತ್ತದೆ. ಬೆಂಗಳೂರು–ಕೊಯಮತ್ತೂರು ನಡುವಿನ ರಾಷ್ಟ್ರೀಯ ಹೆದ್ದಾರಿ 948 ಇಲ್ಲಿಂದ ಯಳಂದೂರು, ಚಾಮರಾಜನಗರದತ್ತ ಸಾಗುತ್ತದೆ. ಹನೂರಿನ ಮೂಲಕ ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗುವ ರಸ್ತೆಯೂ ಇಲ್ಲಿಂದಲೇ ಹೊರಡುತ್ತದೆ. ಶಿವರಾತ್ರಿ, ಯುಗಾದಿ, ದೀಪಾವಳಿಯ ಜಾತ್ರೆಗಳಿಗೆ ಪಾದಯಾತ್ರೆಯಲ್ಲಿ ಬರುವ ಮಾದಪ್ಪನ ಭಕ್ತರಲ್ಲಿ ಬಿಸಿಲನ್ನು ತಪ್ಪಿಸಲು ರಾತ್ರಿ ನಡೆಯುವವರೂ ಇದ್ದಾರೆ. ಕತ್ತಲಲ್ಲಿ, ರಸ್ತೆಯ ಅಂಚಿನಲ್ಲಿ, ಹಿಂದಿನಿಂದ ಬರುವ ವಾಹನಕ್ಕೆ ಬೆನ್ನುಕೊಟ್ಟು ನಡೆಯುವ ಗುಂಪು ಚಾಲಕನಿಗೆ ಕಾಣುವುದು ತಡವಾಗಿ. ಎದುರು ಬರುವ ವಾಹನಗಳನ್ನು ನೋಡುವಂತೆ ಬಲ ಅಂಚಿನಲ್ಲಿ ನಡೆಯುವುದು ಮತ್ತು ಬೆಳಕನ್ನು ಪ್ರತಿಫಲಿಸುವ ಪಟ್ಟಿಗಳನ್ನು ಧರಿಸುವುದು ಇಲ್ಲಿ ನೆರವಾಗುತ್ತದೆ. ಡಾಂಬರಿನ ಅಂಚಿನಾಚೆಗೆ ಗಟ್ಟಿಯಾದ, ಮುಳ್ಳುಗಿಡಗಳಿಲ್ಲದ ನಡೆಹಾದಿ ಇದ್ದರೆ ಇನ್ನೂ ಮೇಲು.

ಶಾಲಾ ಮಕ್ಕಳದು ನಿತ್ಯದ ಪ್ರಯಾಣ. ರಾಜ್ಯ ಸರ್ಕಾರವು 2006–07ರಲ್ಲಿ ಎಂಟನೇ ತರಗತಿಯ ವಿದ್ಯಾರ್ಥಿಗಳಿಗೆ ಉಚಿತ ಸೈಕಲ್ ನೀಡುವ ಯೋಜನೆಯನ್ನು ಆರಂಭಿಸಿತು. ಪ್ರೌಢಶಾಲೆಯಿಲ್ಲದ ಹಳ್ಳಿಗಳ ಹೆಣ್ಣುಮಕ್ಕಳು ಓದು ಮುಂದುವರಿಸಲು ಇದು ನೆರವಾಯಿತು. ಆದರೆ ಸೈಕಲ್ ಬಂದಷ್ಟು ಸುಲಭವಾಗಿ ಸೈಕಲ್ ಓಡಿಸುವ ಹಾದಿ ಬರಲಿಲ್ಲ. ಧನಗೆರೆಯಂತಹ ಕೊಳ್ಳೇಗಾಲ ಸೀಮೆಯ ಹಳ್ಳಿಗಳಿಂದ ಪೇಟೆಯ ಕಡೆಗೆ ತುಳಿಯುವ ಮಗುವು ಬಸ್ಸು, ಲಾರಿ ಮತ್ತು ಕಬ್ಬಿನ ಟ್ರ್ಯಾಕ್ಟರುಗಳೊಂದಿಗೆ ಒಂದೇ ಡಾಂಬರನ್ನು ಹಂಚಿಕೊಳ್ಳಬೇಕು.

ಇಂತಹ ರಸ್ತೆಗಳಲ್ಲಿ ಸಾಮಾನ್ಯವಾಗಿ ಅಪಘಾತವೊಂದು ನಡೆದ ಮರುದಿನವೇ ಊರವರ ಒತ್ತಾಯಕ್ಕೆ ಹಂಪ್ ಏಳುತ್ತದೆ. ರಸ್ತೆ ಕಾಂಗ್ರೆಸ್ಸಿನ ಮಾನದಂಡದಂತೆ ವಾಹನಗಳ ವೇಗವನ್ನು ಸುಮಾರು 25 ಕಿ.ಮೀ.ಗೆ ಇಳಿಸುವ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರವಿರಬೇಕು; ಮುಂಚಿತವಾಗಿ ಎಚ್ಚರಿಕೆ ಫಲಕವೂ ಬಣ್ಣದ ಪಟ್ಟೆಯೂ ಬೇಕು. ಕಿರಿದಾಗಿ, ಕಡಿದಾಗಿ, ಬಣ್ಣವಿಲ್ಲದೆ ಎದ್ದ ಗುಡ್ಡೆಯು ರಾತ್ರಿ ಬರುವ ಸೈಕಲ್ ಮತ್ತು ದ್ವಿಚಕ್ರ ಸವಾರರನ್ನೇ ಕೆಡವುತ್ತದೆ. ಊರಿನ ಪ್ರವೇಶದಲ್ಲಿ ರಸ್ತೆಯನ್ನು ಕೊಂಚ ಕಿರಿದಾಗಿಸಿ ಕಟ್ಟೆ ಕಟ್ಟುವುದು, ಶಾಲೆಯ ಮುಂದೆ ಎತ್ತರಿಸಿದ ದಾಟುಪಟ್ಟಿ, ಬಸ್ ನಿಲ್ದಾಣದ ಬಳಿ ಆಶ್ರಯ ದ್ವೀಪ ಮತ್ತು ಸಾಕಷ್ಟು ಬೀದಿದೀಪ ಇವು ಸಣ್ಣ ಪಟ್ಟಣಕ್ಕೆ ಮೇಲುಸೇತುವೆಗಿಂತ ಅಗ್ಗ. ಪಟ್ಟಣದ ಬೀದಿಯು ನಗರಸಭೆಯ ವ್ಯಾಪ್ತಿಯಲ್ಲಿದ್ದರೂ ಹೆದ್ದಾರಿಯ ಒಡೆತನ ಹೆದ್ದಾರಿ ಇಲಾಖೆಯದಾಗಿರುವುದರಿಂದ, ಇವುಗಳಲ್ಲಿ ಯಾವುದನ್ನು ಕಟ್ಟಬೇಕಾದರೂ ಎರಡೂ ಕಡೆಯ ಒಪ್ಪಿಗೆ ಅಗತ್ಯವಾಗುತ್ತದೆ.