ನಿರ್ದೇಶಕರ ವರದಿಯ ಕೊನೆಯ ಪುಟಗಳು

1990ರ ಆಸುಪಾಸಿನ ಯಾವುದಾದರೂ ಬಟ್ಟೆ ಗಿರಣಿಯ, ಸಿಮೆಂಟ್ ಅಥವಾ ಕಾಗದದ ಕಾರ್ಖಾನೆಯ ವಾರ್ಷಿಕ ವರದಿ ಕೈಗೆ ಸಿಕ್ಕರೆ ಅಧ್ಯಕ್ಷರ ಭಾವಚಿತ್ರ, ಲಾಭಾಂಶದ ಘೋಷಣೆ ಎಲ್ಲವನ್ನೂ ದಾಟಿ ನಿರ್ದೇಶಕರ ವರದಿಯ ಬೆನ್ನಿಗಿರುವ ಅನುಬಂಧಕ್ಕೆ ಹೋಗಿ. ಅಲ್ಲಿ ‘ಫಾರಂ ಎ’ ಎಂಬ ಪಟ್ಟಿ ಇರುತ್ತದೆ. ಕೊಂಡ ವಿದ್ಯುತ್ ಎಷ್ಟು ಯೂನಿಟ್, ಅದಕ್ಕೆ ಕೊಟ್ಟ ಹಣವೆಷ್ಟು, ಯೂನಿಟ್ಟಿಗೆ ಬಿದ್ದ ದರವೆಷ್ಟು. ಸ್ವಂತ ಡೀಸೆಲ್ ಜನರೇಟರಿನಿಂದ ಬಂದದ್ದೆಷ್ಟು. ಕಲ್ಲಿದ್ದಲು ಎಷ್ಟು ಟನ್, ಫರ್ನೇಸ್ ಆಯಿಲ್ ಎಷ್ಟು. ಅದರ ಕೆಳಗೆ, ಒಂದು ಟನ್ ಸರಕು ತಯಾರಿಸಲು ಇವೆಲ್ಲ ಎಷ್ಟೆಷ್ಟು ಬೇಕಾಯಿತು ಎಂಬ ಲೆಕ್ಕ. ಪಕ್ಕದ ಅಂಕಣದಲ್ಲಿ ಹಿಂದಿನ ವರ್ಷದ ಅವೇ ಅಂಕಿಗಳು.

ದಾವಣಗೆರೆಯ ಕಾಲೇಜಿನಲ್ಲಿ ಬಿ.ಕಾಂ. ಕೊನೆಯ ವರ್ಷದವರಿಗೆ ಕಂಪನಿ ಲೆಕ್ಕಪತ್ರ ಪಾಠ ಮಾಡುತ್ತಿದ್ದಾಗ ನಾನು ಮೊದಲು ತೆರೆಸುತ್ತಿದ್ದುದು ಈ ಪುಟವನ್ನೇ. ನಮ್ಮ ತಂದೆ ಹತ್ತಿ ದಲ್ಲಾಲಿ ಅಂಗಡಿಯಲ್ಲಿ ಗುಮಾಸ್ತರಾಗಿದ್ದವರು. ಕೈಯಲ್ಲಿ ನಾಲ್ಕು ಕಾಸು ಉಳಿದರೆ ಯಾವುದೋ ಕಂಪನಿಯ ಐದೋ ಹತ್ತೋ ಷೇರು ಕೊಳ್ಳುತ್ತಿದ್ದರು. ಹಾಗಾಗಿ ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ ಬುಕ್‌ಪೋಸ್ಟಿನಲ್ಲಿ ಮನೆಗೆ ವರದಿಗಳು ಬರುತ್ತಿದ್ದವು. ಲಾಭಾಂಶದ ಸಾಲು ನೋಡಿ ಅವರು ಪಕ್ಕಕ್ಕಿಟ್ಟದ್ದನ್ನು ನಾನು ತರಗತಿಗೆ ಒಯ್ಯುತ್ತಿದ್ದೆ. ಲಾಭ-ನಷ್ಟದ ಖಾತೆ ಕಂಪನಿ ಎಷ್ಟು ಗಳಿಸಿತು ಎಂದು ಹೇಳುತ್ತದೆ, ಏನನ್ನು ಸುಟ್ಟು ಗಳಿಸಿತು ಎಂದು ಹೇಳುವುದು ಈ ಪುಟ ಎನ್ನುತ್ತಿದ್ದೆ. ಒಬ್ಬ ಹುಡುಗನಿಗೆ ಎರಡು ಸಿಮೆಂಟ್ ಕಂಪನಿಗಳ ವರದಿ ಕೊಟ್ಟರೆ ಟನ್ನಿಗೆ ಹೆಚ್ಚು ಕಲ್ಲಿದ್ದಲು ಯಾರದು ಎಂದು ಹತ್ತು ನಿಮಿಷದಲ್ಲಿ ಹೇಳಿಬಿಡುತ್ತಿದ್ದ. ಸುಸ್ಥಿರತೆ ಎಂಬ ಮಾತು ಆ ವರದಿಗಳಲ್ಲಿ ಎಲ್ಲೂ ಇರುತ್ತಿರಲಿಲ್ಲ.

ಆ ಪುಟ ಬಂದದ್ದು ಕಂಪನಿ ಕಾಯ್ದೆಯ 217ನೇ ಕಲಮಿಗೆ 1988ರಲ್ಲಿ ಮಾಡಿದ ತಿದ್ದುಪಡಿಯಿಂದ. ಅದರ ಹಿಂದೆ ಪರಿಸರದ ಚಿಂತೆಗಿಂತ ಹೆಚ್ಚಾಗಿ ಎಣ್ಣೆಯ ಚಿಂತೆ ಇತ್ತು. 1973 ಮತ್ತು 1979ರ ತೈಲ ಬಿಕ್ಕಟ್ಟುಗಳಲ್ಲಿ ದೇಶದ ವಿದೇಶಿ ವಿನಿಮಯ ಬರಿದಾದ ನೆನಪು ಇನ್ನೂ ಹಸಿಯಾಗಿತ್ತು. ಇಂಧನ, ತಂತ್ರಜ್ಞಾನ, ವಿದೇಶಿ ವಿನಿಮಯದ ಗಳಿಕೆ-ವೆಚ್ಚ, ಈ ಮೂರನ್ನೂ ಒಂದೇ ಅನುಬಂಧದಲ್ಲಿ ಕೇಳಿದ್ದು ಅದಕ್ಕೇ. ಕಾರಣ ಏನೇ ಇರಲಿ, ಕೇಳಿದ್ದು ಮಾತ್ರ ಅಂಕಿಯನ್ನು. ಹಾಗಾಗಿ ಉತ್ತರವೂ ಅಂಕಿಯಲ್ಲೇ ಬಂತು.

ಇದಕ್ಕೂ ಮೊದಲೇ ಜಮ್ಶೆಡ್‌ಪುರದಲ್ಲಿ ಇನ್ನೊಂದು ದಾರಿ ತೆರೆದಿತ್ತು. ಗ್ರಾಹಕರು, ನೌಕರರು, ಷೇರುದಾರರು, ಸಮಾಜ, ಸುತ್ತಲಿನ ಜನ, ಇವರೆಲ್ಲರ ಕಡೆಗೂ ತನಗೆ ಕರ್ತವ್ಯವಿದೆ ಎಂದು ಟಾಟಾ ಉಕ್ಕಿನ ಕಂಪನಿ, ಅಂದಿನ ಟಿಸ್ಕೊ, ತನ್ನ ನಿಯಮಾವಳಿಯಲ್ಲೇ ಬರೆದುಕೊಂಡಿತ್ತು. ಜೆ.ಆರ್.ಡಿ. ಟಾಟಾ ಅಧ್ಯಕ್ಷರಾಗಿದ್ದ 1979ರಲ್ಲಿ, ಆ ಮಾತು ಎಷ್ಟರ ಮಟ್ಟಿಗೆ ನಡೆದಿದೆ ಎಂದು ನೋಡಲು ಕಂಪನಿ ಹೊರಗಿನವರನ್ನು ಕರೆಯಿತು. ಬಾಂಬೆ ಹೈಕೋರ್ಟಿನ ನಿವೃತ್ತ ಮುಖ್ಯ ನ್ಯಾಯಮೂರ್ತಿ ಎಸ್.ಪಿ. ಕೋತ್ವಾಲ್ ಸಮಿತಿಯ ಅಧ್ಯಕ್ಷರು. ರಾಜಕೀಯ ಶಾಸ್ತ್ರಜ್ಞ ರಜನಿ ಕೊಠಾರಿ ಮತ್ತು ಅಹಮದಾಬಾದಿನ ಪಿ.ಜಿ. ಮಾವಳಂಕರ್ ಸದಸ್ಯರು. ಇವರಲ್ಲಿ ಕಂಪನಿಯ ಉಪ್ಪಿನ ಋಣದವರು ಯಾರೂ ಇರಲಿಲ್ಲ. 1980ರಲ್ಲಿ ವರದಿ ಬಂತು. ಸಾಮಾಜಿಕ ಲೆಕ್ಕಪರಿಶೋಧನೆ ಎಂಬುದು ನಮ್ಮ ದೇಶದ ಖಾಸಗಿ ಉದ್ಯಮದಲ್ಲಿ ನಡೆದದ್ದು ಹೀಗೆ, ಕಾನೂನಿನ ಒತ್ತಾಯವಿಲ್ಲದೆ. ನನಗೆ ಇಂದಿಗೂ ದೊಡ್ಡದಾಗಿ ಕಾಣುವುದು ಅವರು ಕೊಟ್ಟ ಅಂಕವಲ್ಲ, ನೋಡಲು ಹೊರಗಿನವರನ್ನೇ ಕರೆದದ್ದು. ಹಣದ ಲೆಕ್ಕಕ್ಕೆ ಹೊರಗಿನ ಪರಿಶೋಧಕ ಬೇಕು ಎಂದು ಯಾರೂ ವಾದಿಸಬೇಕಾಗಿಲ್ಲ. ನೀರು, ಗಾಳಿ, ಕೂಲಿಯ ಲೆಕ್ಕಕ್ಕೂ ಹಾಗೆಯೇ ಬೇಕು ಎಂದು ಅಂದೇ ಒಂದು ಕಂಪನಿ ಒಪ್ಪಿತ್ತು.

ಅದು ಎಲ್ಲರಿಗೂ ಕಾನೂನಾಗುವ ಅವಕಾಶವೂ ಇತ್ತು. ಕಂಪನಿ ಕಾನೂನಿನ ಪರಿಶೀಲನೆಗೆ ನೇಮಿಸಿದ್ದ, ನ್ಯಾಯಮೂರ್ತಿ ರಾಜಿಂದರ್ ಸಾಚಾರ್ ಅಧ್ಯಕ್ಷತೆಯ ಸಮಿತಿ 1978ರಲ್ಲಿ, ಕಂಪನಿಗಳು ವಾರ್ಷಿಕ ವರದಿಯ ಜೊತೆ ಸಾಮಾಜಿಕ ವರದಿಯನ್ನೂ ಕೊಡಬೇಕು ಎಂದು ಶಿಫಾರಸು ಮಾಡಿತು. ಅದು ಕಾಯ್ದೆಯಾಗಲಿಲ್ಲ. ಸಿಮೆಂಟ್ ಕಾರ್ಪೊರೇಷನ್ನಿನಂಥ ಕೆಲವು ಸರ್ಕಾರಿ ಉದ್ಯಮಗಳು ಮಾತ್ರ ತಮ್ಮಷ್ಟಕ್ಕೆ ‘ಸಾಮಾಜಿಕ ಬ್ಯಾಲೆನ್ಸ್ ಶೀಟ್’ ತಯಾರಿಸಿ ಅಚ್ಚು ಹಾಕಿದವು. ಕ್ವಾರ್ಟರ್ಸು, ಶಾಲೆ, ಆಸ್ಪತ್ರೆಗಳಿಗೆ ರೂಪಾಯಿ ಬೆಲೆ ಕಟ್ಟುತ್ತಿದ್ದ ಆ ಲೆಕ್ಕ ನನಗೆಂದೂ ಪೂರ್ತಿ ಒಪ್ಪಿಗೆಯಾಗಲಿಲ್ಲ. ಆದರೆ ಪಾಠಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆ ಸಿಗುತ್ತಿರಲಿಲ್ಲ.

1984ರ ಡಿಸೆಂಬರ್ 2ರ ರಾತ್ರಿ ಭೋಪಾಲಿನ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ವಿಷಾನಿಲ ಸೋರಿತು. ಬೇಲಿಯಾಚೆ ಮಲಗಿದ್ದವರಿಗೆ ಒಳಗಿನ ತೊಟ್ಟಿಗಳಲ್ಲಿ ಇದ್ದದ್ದು ಏನು, ಅದು ಮೈಗೆ ತಾಗಿದರೆ ಏನು ಮಾಡಬೇಕು ಎಂದು ಯಾರೂ ಹೇಳಿರಲಿಲ್ಲ. ಕಂಪನಿಗಳು ಮಾಹಿತಿ ಕೊಡುವ ಚರಿತ್ರೆ ಅಲ್ಲಿಂದ ಎರಡಾಗಿ ಕವಲೊಡೆಯುತ್ತದೆ. ಮರುವರ್ಷ ಅಮೆರಿಕದ ವೆಸ್ಟ್ ವರ್ಜೀನಿಯಾದಲ್ಲಿ ಅದೇ ಯೂನಿಯನ್ ಕಾರ್ಬೈಡ್‌ನ ಕಾರ್ಖಾನೆಯಲ್ಲೂ ಸೋರಿಕೆಯಾಯಿತು. 1986ರಲ್ಲಿ ಆ ದೇಶ, ಸುತ್ತಲಿನ ಜನರಿಗೆ ತಿಳಿಯುವ ಹಕ್ಕಿದೆ ಎಂಬ ಕಾಯ್ದೆ ಮಾಡಿತು. ಯಾವ ಕಾರ್ಖಾನೆ ಯಾವ ವಿಷವನ್ನು ವರ್ಷಕ್ಕೆ ಎಷ್ಟು ಪೌಂಡು ಗಾಳಿಗೆ, ನೀರಿಗೆ, ನೆಲಕ್ಕೆ ಬಿಟ್ಟಿತು ಎಂಬ ಪಟ್ಟಿ 1987ರ ಸಾಲಿನಿಂದ ಎಲ್ಲರಿಗೂ ಸಿಗುವಂತಾಯಿತು. ಅಂಕಿಗಳು ಹೊರಬರುವ ಹೊತ್ತಿಗೆ, 1988ರಲ್ಲೇ, ಮೊನ್ಸಾಂಟೊ ಕಂಪನಿಯ ಮುಖ್ಯಸ್ಥರು ಗಾಳಿಗೆ ಬಿಡುವ ವಿಷವನ್ನು 1992ರ ಕೊನೆಯೊಳಗೆ ಶೇ. 90ರಷ್ಟು ಇಳಿಸುತ್ತೇವೆ ಎಂದು ಸಾರಿದರು. ನೆರೆಹೊರೆಯವರು ಓದಲಿರುವ ಒಂದು ಸಂಖ್ಯೆ ಮಾಡಿದ ಕೆಲಸ ಅದು.

ನಮ್ಮಲ್ಲೂ 1987ರಲ್ಲಿ ಕಾರ್ಖಾನೆ ಕಾಯ್ದೆಗೆ 41ಬಿ ಕಲಮು ಸೇರಿತು. ಅಪಾಯಕಾರಿ ಕೆಲಸ ನಡೆಸುವವರು ಕಾರ್ಮಿಕರಿಗೂ ಸ್ಥಳೀಯ ಸಂಸ್ಥೆಗೂ ಸುತ್ತಲಿನ ಜನರಿಗೂ ಅಪಾಯದ ವಿವರ ತಿಳಿಸಬೇಕು ಎಂದಿತು. ಒಳ್ಳೆಯ ಕಲಮು. ಆದರೆ ಕಾರ್ಖಾನೆವಾರು, ವರ್ಷವಾರು, ಯಾರು ಬೇಕಾದರೂ ತೆರೆದು ನೋಡುವಂಥ ಒಂದು ರಾಷ್ಟ್ರೀಯ ಪಟ್ಟಿ ನಮಗೆ ದಕ್ಕಲಿಲ್ಲ. ಸತ್ತವರು ನಮ್ಮವರು, ಪಟ್ಟಿ ಅಲ್ಲಿಯದಾಯಿತು. ಇದನ್ನು ಹೇಳುವಾಗ ತರಗತಿಯಲ್ಲಿ ನನ್ನ ದನಿ ಏರುತ್ತಿತ್ತು, ಈಗಲೂ ಏರುತ್ತದೆ.

ನಮ್ಮ ಸೀಮೆಯಲ್ಲಿ ಲೆಕ್ಕ ಕೇಳಿದವರು ಷೇರುದಾರರಲ್ಲ. ಹರಿಹರದ ಎದುರು ದಡದ ಕುಮಾರಪಟ್ಟಣದ ಕಾರ್ಖಾನೆಯಿಂದ ಕೆಳಕ್ಕೆ ತುಂಗಭದ್ರೆಯ ನೀರು ಕೆಟ್ಟಾಗ 1980ರ ದಶಕದಲ್ಲಿ ನದಿಗೇನು ಬಿಡುತ್ತೀರಿ ಎಂದು ಕೇಳಿದವರು ಮೀನುಗಾರರು, ದಡದ ಹಳ್ಳಿಯವರು, ಅವರ ಜೊತೆ ನಿಂತ ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ. ಮೇಲೆ ಭದ್ರೆಯ ಕಡೆಗೂ ಅದೇ ಕಥೆ. ದಾವಣಗೆರೆಯ ನಾವು ಭದ್ರಾ ನಾಲೆಯ ನೀರು ಕುಡಿದು ಬೆಳೆದವರು. ಆ ನದಿಯ ತಲೆಯ ಮೇಲೆ ಕುದುರೆಮುಖದ ಗಣಿಯಿತ್ತು. ಅದು ಸರ್ಕಾರಿ ಕಂಪನಿ. ವರದಿಗಳು ಕ್ರಮವಾಗಿ ಅಚ್ಚಾಗುತ್ತಿದ್ದವು. ಆದರೆ ಮಳೆಗಾಲದಲ್ಲಿ ಭದ್ರೆಗಿಳಿಯುವ ಹೂಳನ್ನು ಅಳೆದು ಸಂಖ್ಯೆಯನ್ನು ಜನರ ಮುಂದಿಟ್ಟವರಲ್ಲಿ ಕಂಪನಿಯ ಹೊರಗಿನ ಸಂಶೋಧಕರಿದ್ದರು. ಕೊಡಗಿನ ವನ್ಯಜೀವಿ ಸಂರಕ್ಷಕ ಕೆ.ಎಂ. ಚಿಣ್ಣಪ್ಪನವರ ಹೆಸರಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2002ರ ಅಕ್ಟೋಬರ್ 30ರಂದು ತೀರ್ಪು ಕೊಟ್ಟಿತು, 2005ರ ಕೊನೆಗೆ ಗಣಿಗಾರಿಕೆ ನಿಂತಿತು. ನದಿಯ ಲೆಕ್ಕ ನದಿಯಲ್ಲೇ ಸಿಗಬೇಕಾಯಿತು.

ಈ ನಡುವೆ 1992ರಲ್ಲಿ ಕೇಂದ್ರ ಸರ್ಕಾರ ಪರಿಸರ ನಿಯಮಗಳಿಗೆ ಒಂದು ನಮೂನೆ ಸೇರಿಸಿತು: ‘ಫಾರಂ 5’. ನನ್ನ ಮಟ್ಟಿಗೆ ನಮ್ಮ ದೇಶದ ಇಂಥ ಕಾಗದಗಳಲ್ಲೆಲ್ಲ ಹೆಚ್ಚು ಬೆಲೆಯದು ಇದೇ, ಹೆಚ್ಚು ಅಲಕ್ಷ್ಯಕ್ಕೆ ಬಿದ್ದದ್ದೂ ಇದೇ. ಭಾಗ ‘ಬಿ’ಯಲ್ಲಿ ದಿನಕ್ಕೆ ಎಷ್ಟು ಘನ ಮೀಟರ್ ನೀರು: ತಯಾರಿಕೆಗೆ ಎಷ್ಟು, ತಂಪು ಮಾಡಲು ಎಷ್ಟು, ಮನೆಬಳಕೆಗೆ ಎಷ್ಟು. ಒಂದು ಘಟಕ ಸರಕಿಗೆ ಬಿದ್ದ ನೀರು, ಹಿಂದಿನ ವರ್ಷದ್ದೂ ಈ ವರ್ಷದ್ದೂ. ಮುಂದೆ, ನೀರಿಗೂ ಗಾಳಿಗೂ ಬಿಟ್ಟ ಮಾಲಿನ್ಯ ಎಷ್ಟು, ನಿಗದಿತ ಮಿತಿಗಿಂತ ಹೆಚ್ಚಿದ್ದರೆ ಶೇಕಡ ಎಷ್ಟು ಹೆಚ್ಚು, ಏಕೆ. ಆಮೇಲೆ ಅಪಾಯಕಾರಿ ತ್ಯಾಜ್ಯ, ಘನತ್ಯಾಜ್ಯ. ಮಾಲಿನ್ಯ ಕಾಯ್ದೆಗಳ ಸಮ್ಮತಿ ಬೇಕಾದ ಪ್ರತಿ ಕಾರ್ಖಾನೆಯೂ ಪ್ರತಿ ವರ್ಷ ಸೆಪ್ಟೆಂಬರ್ 30ರೊಳಗೆ ಇದನ್ನು ತುಂಬಿ ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿಗೆ ಕೊಡಬೇಕು. ಕಂಪನಿಯ ಒಟ್ಟು ಲೆಕ್ಕವಲ್ಲ, ಆ ಊರಿನ ಆ ಕಾರ್ಖಾನೆಯದೇ ಲೆಕ್ಕ. ಆದರೆ ತುಂಬುವವರು ಕಾರ್ಖಾನೆಯವರೇ. ಅದನ್ನು ಹೊರಗಿನವರು ಪರಿಶೀಲಿಸಿ ಸಹಿ ಹಾಕಬೇಕೆಂದು ಆ ನಮೂನೆ ಕೇಳುವುದಿಲ್ಲ.

ಹೊಳೆಯುವ ಕಾಗದದ, ಬಣ್ಣದ ಚಿತ್ರಗಳ ಸುಸ್ಥಿರತೆ ವರದಿಗಳ ಮೂಲ ಬೇರೆ. 1989ರ ಮಾರ್ಚಿನಲ್ಲಿ ಎಕ್ಸಾನ್ ವಾಲ್ಡೀಜ್ ಹಡಗು ಅಲಾಸ್ಕಾದ ಕಡಲಿಗೆ ಎಣ್ಣೆ ಚೆಲ್ಲಿದ ಮೇಲೆ ಅಮೆರಿಕದ ಹೂಡಿಕೆದಾರರು, ಪರಿಸರ ಸಂಘಟನೆಗಳು ಕೂಡಿ ಸೆರೆಸ್ ಎಂಬ ಒಕ್ಕೂಟ ಕಟ್ಟಿದರು. ಅದು ಬಾಸ್ಟನ್ನಿನ ಟೆಲ್ಲಸ್ ಸಂಸ್ಥೆಯ ಜೊತೆ ಸೇರಿ 1997ರಲ್ಲಿ ಹುಟ್ಟುಹಾಕಿದ್ದೇ ಸುಸ್ಥಿರತೆ ವರದಿಯ ಮಾದರಿ ರೂಪಿಸುವ ಜಿಆರ್‌ಐ. ಅದರ ಮೊದಲ ಮಾರ್ಗಸೂಚಿ 2000ದಲ್ಲಿ ಬಂತು, ಕಚೇರಿ ಆಮೇಲೆ ಆಮ್‌ಸ್ಟರ್‌ಡ್ಯಾಮಿಗೆ ಹೋಯಿತು. ನಮ್ಮ ಐಟಿ ಕಂಪನಿಗಳು ಈ ಹಾದಿ ಹಿಡಿದದ್ದು ಸಹಜ, ಅವುಗಳ ಗಿರಾಕಿಗಳು ಆ ದೇಶಗಳಲ್ಲಿದ್ದರು. ಬೆಂಗಳೂರಿನ ಇನ್ಫೋಸಿಸ್ ಅದಕ್ಕೂ ಮೊದಲೇ, 1990ರ ದಶಕದಲ್ಲಿ, ನೌಕರರು ಮುಂದೆ ದುಡಿಯಬಹುದಾದ ಸಂಬಳಕ್ಕೆ ಇಂದಿನ ಬೆಲೆ ಕಟ್ಟಿ ವಾರ್ಷಿಕ ವರದಿಯಲ್ಲಿ ಅಚ್ಚು ಹಾಕುತ್ತಿತ್ತು. ಬಿಎಚ್‌ಇಎಲ್ ಅಂಥ ಲೆಕ್ಕವನ್ನು 1970ರ ದಶಕದಲ್ಲೇ ಮಾಡಿತ್ತು. ಇವೆಲ್ಲ ಕಂಪನಿ ತಾನೇ ಆಯ್ದುಕೊಂಡು ಹೇಳಿದ ಮಾತುಗಳು. ಹೇಳಲು ಇಷ್ಟವಿಲ್ಲದ ಸಂಖ್ಯೆಯನ್ನು ಬಿಟ್ಟರೆ ಕೇಳುವವರಿರಲಿಲ್ಲ.

2014ರ ಏಪ್ರಿಲ್ 1ರ ದಿನವನ್ನು ಈ ಚರಿತ್ರೆಯಲ್ಲಿ ಎಲ್ಲರೂ ಹಬ್ಬದ ದಿನವೆಂದೇ ಬರೆಯುತ್ತಾರೆ. ಹೊಸ ಕಂಪನಿ ಕಾಯ್ದೆಯ 135ನೇ ಕಲಮು ಅಂದು ಜಾರಿಗೆ ಬಂತು. ನಿವ್ವಳ ಮೌಲ್ಯ 500 ಕೋಟಿ, ವಹಿವಾಟು 1000 ಕೋಟಿ ಅಥವಾ ನಿವ್ವಳ ಲಾಭ 5 ಕೋಟಿ ರೂಪಾಯಿ ಮುಟ್ಟಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು, ಲೆಕ್ಕವನ್ನು ಅನುಬಂಧದಲ್ಲಿ ಕೊಡಬೇಕು. ಶಾಲೆಯ ಬೆಂಚು, ಶುದ್ಧ ನೀರಿನ ಘಟಕ, ಕೆರೆಯ ಹೂಳು, ಹೀಗೆ ಯೋಜನೆವಾರು, ಜಿಲ್ಲಾವಾರು ಖರ್ಚು. ಆ ಹಣದಿಂದ ಕಟ್ಟಿದ ಶೌಚಾಲಯ ಎಷ್ಟು ಹೆಣ್ಣುಮಕ್ಕಳಿಗೆ ಆಸರೆಯಾಗಿದೆ ಎಂದು ನಾನು ಸರ್ಕಾರಿ ಶಾಲೆಗಳಲ್ಲಿ ಕಣ್ಣಾರೆ ನೋಡಿದ್ದೇನೆ, ಅದನ್ನು ಹಗುರ ಮಾಡುವವಳಲ್ಲ. ಆದರೆ ಅದೇ ದಿನ ಹಳೆಯ ಫಾರಂ ಎ ಕಾಣೆಯಾಯಿತು. ಹೊಸ ನಿಯಮ ಇಂಧನ ಉಳಿತಾಯಕ್ಕೆ ಕೈಗೊಂಡ ಕ್ರಮಗಳು, ಬದಲಿ ಮೂಲಗಳು, ಅದಕ್ಕೆ ಹಾಕಿದ ಬಂಡವಾಳ, ಇಷ್ಟನ್ನೇ ಕೇಳಿತು. ಟನ್ನಿಗೆ ಎಷ್ಟು ಎಂಬ ಪಟ್ಟಿ ಕೇಳಲಿಲ್ಲ. ಮರುವರ್ಷದ ವರದಿಗಳಲ್ಲಿ ಎಲ್‌ಇಡಿ ದೀಪ ಹಾಕಿಸಿದೆವು, ಹಳೆಯ ಮೋಟಾರು ಬದಲಿಸಿದೆವು ಎಂಬ ವಾಕ್ಯಗಳು ಬಂದವು, ಸಂಖ್ಯೆ ಹೋಯಿತು. ಸಾಮಾಜಿಕ ಹೊಣೆಯ ನಿಯಮಗಳೋ, ಕಂಪನಿಯ ದಿನನಿತ್ಯದ ವ್ಯವಹಾರದಲ್ಲಿ ಮಾಡಿದ ಯಾವುದನ್ನೂ ಆ ಶೇ. 2ರ ಲೆಕ್ಕಕ್ಕೆ ಸೇರಿಸಬಾರದು ಎನ್ನುತ್ತವೆ. ದಾನ ಎಂಬ ನೆಲೆಯಲ್ಲಿ ಅದು ಸರಿಯೇ. ಆದರೆ ಹಣ ಹೇಗೆ ಬಂತು ಎಂಬ ಪ್ರಶ್ನೆಗೆ ಆ ಅನುಬಂಧ ಎಷ್ಟೇ ದಪ್ಪವಾದರೂ ಉತ್ತರವಾಗದು.

ಸಂಖ್ಯೆ ಮರಳಿ ಬಂದದ್ದು ಷೇರು ಮಾರುಕಟ್ಟೆಯ ಬಾಗಿಲಿನಿಂದ. 2012ರ ಆಗಸ್ಟಿನಲ್ಲಿ ಷೇರುಪೇಟೆಯ ನಿಯಂತ್ರಕ ಸೆಬಿ, ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 100 ಕಂಪನಿಗಳಿಗೆ ವ್ಯವಹಾರ ಹೊಣೆಗಾರಿಕೆ ವರದಿಯನ್ನು ಕಡ್ಡಾಯ ಮಾಡಿತ್ತು. ಅದರಲ್ಲಿ ಹೌದು-ಅಲ್ಲ ಉತ್ತರಗಳೇ ಹೆಚ್ಚು. 2021ರ ಮೇ ತಿಂಗಳಲ್ಲಿ ಅದರ ಜಾಗಕ್ಕೆ ಬಂದ ‘ವ್ಯವಹಾರ ಹೊಣೆಗಾರಿಕೆ ಮತ್ತು ಸುಸ್ಥಿರತೆ ವರದಿ’, ಅಂದರೆ ಬಿಆರ್‌ಎಸ್‌ಆರ್ 2022-23ರಿಂದ ಮೊದಲ 1000 ಕಂಪನಿಗಳಿಗೆ ಕಡ್ಡಾಯವಾಯಿತು. ಇದನ್ನು ಓದಲು ಕೂತರೆ ನನ್ನಂಥವರಿಗೆ ಹೊತ್ತು ಹೋದದ್ದು ತಿಳಿಯದು. ಖಾಯಂ ಕಾರ್ಮಿಕರು ಎಷ್ಟು, ಖಾಯಂ ಅಲ್ಲದವರು ಎಷ್ಟು, ಗಂಡು ಹೆಣ್ಣು ಬೇರೆಬೇರೆಯಾಗಿ. ಗಂಡಸರ ನಡುಮಟ್ಟದ ಸಂಬಳ, ಹೆಂಗಸರದು. ನದಿ-ಕೆರೆಯಿಂದ ಎತ್ತಿದ ನೀರು, ಕೊಳವೆಬಾವಿಯಿಂದ ಎತ್ತಿದ್ದು, ಬೇರೆಯವರಿಂದ ಕೊಂಡದ್ದು, ಎಲ್ಲ ಕಿಲೋಲೀಟರುಗಳಲ್ಲಿ. ಆದರೆ ಬಳಕೆಯನ್ನು ವಹಿವಾಟಿನ ರೂಪಾಯಿಗೆ ಭಾಗಿಸಿ ತೋರಿಸುವ ಕ್ರಮದಲ್ಲಿ ಒಂದು ತೊಂದರೆಯಿದೆ: ಸಿಮೆಂಟಿನ ಬೆಲೆ ಏರಿದರೆ ಕಲ್ಲಿದ್ದಲು ಒಂದು ಚಮಚ ಉಳಿಯದಿದ್ದರೂ ಅಂಕಿ ಇಳಿಯುತ್ತದೆ. 2023ರಲ್ಲಿ ಸರಕಿನ ಅಳತೆಗೆ ಭಾಗಿಸುವ ಸಾಲನ್ನೂ ಸೇರಿಸಿದಾಗ ನನಗೆ ಹಳೆಯ ಫಾರಂ ಎ ನೆನಪಾಗಿ ಸಂತೋಷವಾಯಿತು. ಅದೇ ವರ್ಷ ಕೆಲವು ಮುಖ್ಯ ಅಂಕಿಗಳನ್ನು ಹೊರಗಿನವರು ಪರಿಶೀಲಿಸಿ ಭರವಸೆ ಕೊಡಬೇಕು ಎಂದು ಸೆಬಿ ಹೇಳಿತು, ಮೊದಲು 150 ಕಂಪನಿಗಳಿಗೆ, ಆಮೇಲೆ ಹಂತಹಂತವಾಗಿ ಉಳಿದವಕ್ಕೆ. ಕೋತ್ವಾಲ್ ಸಮಿತಿಯಾಗಿ ನಾಲ್ಕು ದಶಕದ ಮೇಲೆ ಹೊರಗಿನ ಕಣ್ಣಿಗೆ ಕಾನೂನಿನ ಬಲ ಬಂತು. 2025ರಲ್ಲಿ ಅದನ್ನು ಸಡಿಲಿಸಿ, ಪರಿಶೋಧನೆಯಷ್ಟು ಬಿಗಿಯಲ್ಲದ ಮೌಲ್ಯಮಾಪನವನ್ನೂ ಕಂಪನಿಗಳು ಆಯ್ದುಕೊಳ್ಳಬಹುದು ಎಂದಾಗ ಖೇದವೂ ಆಯಿತು.

ಬಿಆರ್‌ಎಸ್‌ಆರ್‌ನ ನೀರಿನ ಲೆಕ್ಕ ಇಡೀ ಕಂಪನಿಯದು. ಹತ್ತು ರಾಜ್ಯಗಳ ಕಾರ್ಖಾನೆಗಳು ಒಂದೇ ಸಾಲಿನಲ್ಲಿ ಕೂಡಿಹೋಗುತ್ತವೆ. ನೀರಿನ ಅಭಾವವಿರುವ ಜಾಗದ ಪ್ರತಿ ಘಟಕದ ಅಂಕಿ ಕೊಡುವ ಪಟ್ಟಿಯೂ ಅದರಲ್ಲಿದೆ, ಆದರೆ ಅದು ಕಡ್ಡಾಯವಲ್ಲ. ತನ್ನ ಬೋರ್‌ವೆಲ್ ಬತ್ತಿದ ರೈತನಿಗೆ ಬೇಕಾದ ಸಂಖ್ಯೆ ಇರುವುದು ಫಾರಂ 5ರಲ್ಲಿ. ಪರಿಸರ ಅನುಮತಿಯ ಷರತ್ತಿನಲ್ಲಿ ಅದನ್ನು ಕಂಪನಿಯ ವೆಬ್‌ಸೈಟಿನಲ್ಲಿ ಹಾಕಬೇಕು ಎಂಬ ಮಾತು ಈಗ ಸಾಮಾನ್ಯವಾಗಿ ಇರುತ್ತದೆ. ಹುಡುಕಿದರೆ ಕೆಲವು ಸಿಗುತ್ತವೆ, ಇಂಗ್ಲಿಷಿನಲ್ಲಿ, ಸ್ಕ್ಯಾನ್ ಮಾಡಿದ ಮಸುಕು ಪುಟಗಳಾಗಿ.

2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ಹಲವು ಬಗೆಯ ಕಾರ್ಖಾನೆಗಳು ಬರುವ ಮುನ್ನ ಸಾರ್ವಜನಿಕ ಅಹವಾಲು ನಡೆಯಬೇಕು, ಅದಕ್ಕೆ ಯೋಜನೆಯ ಸಾರಾಂಶವನ್ನು ಸ್ಥಳೀಯ ಭಾಷೆಯಲ್ಲೂ ಕೊಡಬೇಕು. ಅಂದರೆ ಕಾರ್ಖಾನೆ ಎಷ್ಟು ನೀರು ಎತ್ತಲಿದೆ, ಏನು ಬಿಡಲಿದೆ ಎಂಬ ಭರವಸೆ ಜನರಿಗೆ ಕನ್ನಡದಲ್ಲಿ ಸಿಗುತ್ತದೆ. ಶುರುವಾದ ಮೇಲೆ ನಿಜವಾಗಿ ಎತ್ತಿದ್ದೆಷ್ಟು, ಬಿಟ್ಟದ್ದೆಷ್ಟು ಎಂಬ ಲೆಕ್ಕವನ್ನೂ ಕನ್ನಡದಲ್ಲಿ, ಪ್ರತಿ ಅಕ್ಟೋಬರಿನಲ್ಲಿ ಆ ಊರಿನ ಗ್ರಾಮ ಪಂಚಾಯಿತಿಯ ಫಲಕಕ್ಕೆ ಹಚ್ಚಬೇಕು ಎಂದು ರಾಜ್ಯದ ಮಂಡಳಿ ಷರತ್ತು ಹಾಕಬಹುದು. ಫಾರಂ ಈಗಾಗಲೇ ತುಂಬುತ್ತಿದ್ದಾರೆ. ಕನ್ನಡಕ್ಕೆ ತಂದು ಹಚ್ಚುವುದಷ್ಟೇ ಬಾಕಿ.